ತಳ ಹತ್ತಿದ ಹುಗ್ಗಿ

ನೀಲಕ್ಕ ಯಾರ ಮನೆಗೆ ಬಂದರೂ ಮೊದಲು ಮಾತಾಡಿಸುತ್ತಿದ್ದುದು ಒಲೆಯ ಮೇಲಿನ ಬೋಗುಣಿಯನ್ನು. ಮನೆಯವರ ಸರದಿ ಆಮೇಲೆ. ಆಕೆ ಚಪ್ಪಲಿ ಬಿಡುವಾಗಲೇ ಮೂಗು ಅಡುಗೆಮನೆ ಮುಟ್ಟಿರುತ್ತಿತ್ತು, ಮೈ ಹಿಂದಿನಿಂದ ಬರುತ್ತಿತ್ತು. ಬಂದವಳೇ ಸೆರಗಿನ ತುದಿಯಿಂದ ಮುಚ್ಚಳ ಹಿಡಿದೆತ್ತಿ, ಒಳಗೆ ಇಣುಕಿ, ಮೆಲ್ಲಗೆ ನಮ್ಮ ಕಡೆ ತಿರುಗುತ್ತಿದ್ದಳು. ಎಕ್ಸರೇಯನ್ನು ಬೆಳಕಿಗೆ ಹಿಡಿದು ನೋಡಿದ ಡಾಕ್ಟರು ರೋಗಿಯ ಸಂಬಂಧಿಕರ ಕಡೆ ತಿರುಗುತ್ತಾರಲ್ಲ, ಹಾಗೆ.

"ಶಾರದಾ, ಬ್ಯಾಳಿ ಯಾವಾಗ ಇಳಿಸಿದೆವಾ?"

"ಈಗ ಇಳಿಸೇನ್ರಿ ನೀಲಕ್ಕಾ."

"ಅದಕ್ಕ ಮತ್ತ. ಪಾಪ, ಇನ್ನೂ ಅಳಾಕತ್ತಾವು."

ಆಕೆಯ ಲೋಕದಲ್ಲಿ ಸರಿಯಾಗಿ ಬೇಯದ ಬೇಳೆ ಅಳುತ್ತಿತ್ತು. ಉಪ್ಪು ಕಡಿಮೆಯಾದ ಸಾರು ಮುನಿಸಿಕೊಳ್ಳುತ್ತಿತ್ತು. ದಪ್ಪ ಬಡಿದ ರೊಟ್ಟಿಯನ್ನು ಕಂಡರೆ, "ಇದು ಒಲ್ಲದ ಮನಸ್ಸಿಲೆ ಗಂಡನ ಮನಿಗೆ ಬಂದ ಸೊಸಿ ಇದ್ದಂಗ ಐತಿ ನೋಡು, ಉಬ್ಬಂಗಿಲ್ಲ, ಬಗ್ಗಂಗಿಲ್ಲ" ಎನ್ನುತ್ತಿದ್ದಳು. ನಾನು ಆಗಿನ್ನೂ ಹೊಸದಾಗಿ ಗಂಡನ ಮನೆಗೆ ಬಂದ ಸೊಸೆ. ಆ ಮಾತು ರೊಟ್ಟಿಗೆ ಹೇಳಿದ್ದೋ ನನಗೋ ಎಂದು ಎಷ್ಟೋ ದಿನ ಯೋಚಿಸಿದ್ದೇನೆ.

ನಮ್ಮವರಿಗೆ ಕಾಗದ ಮಿಲ್ಲಿನಲ್ಲಿ ಕೆಲಸ ಸಿಕ್ಕಿದ್ದರಿಂದ ಧಾರವಾಡ ಕಡೆಯ ನಾನು ಈ ದಾಂಡೇಲಿಯ ಕಾಡಿಗೆ ಬಂದೆ. ಗೋಡೆಗೆ ಗೋಡೆ ಅಂಟಿದ ಸಾಲುಮನೆಗಳು. ಪಕ್ಕದ ಮನೆಯಲ್ಲಿ ನೀಲಕ್ಕ. ಸಂಜೆ ದೀಪ ಹಚ್ಚುವಾಗ ಆ ದಿನ ದೇವರು ಮಾಡಿದ ಸಣ್ಣಪುಟ್ಟ ಉಪಕಾರಗಳನ್ನು ನೆನೆಯುವುದು ನನ್ನ ರೂಢಿ. ಗ್ಯಾಸ್ ತೀರಲಿಲ್ಲ, ಮಂಗ ಹಪ್ಪಳ ಒಯ್ಯಲಿಲ್ಲ, ಇವರ ಬಿಪಿ ಏರಲಿಲ್ಲ, ಶಿವನೇ ನೀನು ದೊಡ್ಡವನು. ನೀಲಕ್ಕ ಬಾರದ ದಿನವಿದ್ದರೆ ಅದನ್ನೂ ಸೇರಿಸಿಕೊಳ್ಳುತ್ತಿದ್ದೆ. ಅಂಥ ದಿನಗಳು ಬಹಳ ಇರಲಿಲ್ಲ.

ಆಕೆಯ ತವರು ನವಲಗುಂದದ ಕಡೆ. ಭೂಮಿಯ ಮೇಲಿನ ಅಡುಗೆಯೆಲ್ಲ ಅಲ್ಲಿಯೇ ಹುಟ್ಟಿ, ಉಳಿದ ಊರುಗಳಿಗೆ ಹೋಗುವ ದಾರಿಯಲ್ಲಿ ಕೆಟ್ಟುಹೋಯಿತು ಎಂಬುದು ಆಕೆಯ ನಂಬಿಕೆ. ಶೇಂಗಾ ಚಟ್ನಿ ನವಲಗುಂದದ್ದು, ಎಣ್ಣೆಗಾಯಿ ನವಲಗುಂದದ್ದು. ಬೆಳಗಾವಿಯ ಕುಂದಾ ಕೂಡ ನವಲಗುಂದದ ಯಾವುದೋ ಮುದುಕಿಯ ಹಾಲು ಒಡೆದದ್ದರಿಂದ ಶುರುವಾದದ್ದು. ಮುಂಡಗೋಡದ ಟಿಬೆಟ್ ಕ್ಯಾಂಪಿಗೆ ಒಮ್ಮೆ ಕರೆದುಕೊಂಡು ಹೋದಾಗ ಅಲ್ಲಿ ಹಬೆಯಲ್ಲಿ ಬೇಯುತ್ತಿದ್ದ ಮೊಮೊ ನೋಡಿ, "ಇದು ನಮ್ಮ ಕಡಬು. ಇವರು ಸಿಹಿ ಹಾಕೂದು ಮರತಾರ" ಎಂದು ಮುಂದೆ ನಡೆದಳು.

ಹಿಂದಿನ ಓಣಿಯ ಜುಲೇಖಾಳ ಮನೆಯನ್ನೂ ಆಕೆ ಬಿಟ್ಟಿರಲಿಲ್ಲ. ಜುಲೇಖಾಳ ಗಂಡ ಜೀಪು ರಿಪೇರಿ ಮಾಡುವ ಮೆಕ್ಯಾನಿಕ್. ಒಂದು ಈದ್ ದಿನ ನನ್ನನ್ನು ಶೀರಖುರ್ಮಾಕ್ಕೆ ಕರೆದಿದ್ದಳು. ನೀಲಕ್ಕ ಕರೆಯದೆಯೇ ಜೊತೆಗೆ ಬಂದಳು. ಸೋಮವಾರ ಬಂದರೆ ಬೆಳ್ಳುಳ್ಳಿಯನ್ನೂ ಮುಟ್ಟದ ನೀಲಕ್ಕ ಹೊಸ್ತಿಲ ಹೊರಗೆ ನಿಂತು ಒಳಗೆ ದಮ್ಮಿಗೆ ಇಟ್ಟಿದ್ದ ಮಟನ್ ಬಿರಿಯಾನಿಯ ಕಡೆ ಮೂಗು ಎತ್ತಿದಳು.

"ಜುಲೇಖಾ, ಉಪ್ಪು ಕಡಿಮಿ ಬಿದ್ದೈತಿ."

"ನೀವು ತಿನ್ನಂಗಿಲ್ಲ, ನಿಮಗ ಹೆಂಗ ಗೊತ್ತಾತ್ರಿ ಅಕ್ಕಾ?"

"ತಿನ್ನೂದು ಬಾಯಿ. ಉಪ್ಪು ನೋಡೂದು ಮೂಗು. ಹಾಕು ಒಂದೀಟು."

ಜುಲೇಖಾ ಡಬ್ಬಿಯಿಂದ ಉಪ್ಪು ತೆಗೆದು ಮುಚ್ಚಳ ಸರಿಸಿ ಕೈ ಆಡಿಸಿದಳು. ಹೊರಗಿನಿಂದ ನೀಲಕ್ಕ, "ಹಾಂ, ಈಗ ನೋಡು. ಈಗ ವಾಸನಿ ಸರಿ ಆತು" ಎಂದಳು. ಆಕೆ ಮನೆಗೆ ಹೋದ ಮೇಲೆ ಜುಲೇಖಾ ನನ್ನ ಮುಂದೆ ಮುಷ್ಟಿ ಬಿಚ್ಚಿ ತೋರಿಸಿದಳು. ಉಪ್ಪು ಅಂಗೈಯಲ್ಲಿ ಹಾಗೆಯೇ ಇತ್ತು.

"ಉಪ್ಪು ಬರೋಬರ್ ಇತ್ತು ದೀದಿ. ಅಕ್ಕಾನ ದಿಲ್ ಯಾಕ ಮುರೀಬೇಕು."

ನನಗೆ ಅಷ್ಟು ಸಹನೆಯನ್ನು ದೇವರು ಕೊಟ್ಟಿರಲಿಲ್ಲ. ಅನ್ನಬೇಕಾದ್ದನ್ನು ಎದುರಿಗೇ ಅಂದುಬಿಡುವುದು ನನ್ನ ಸ್ವಭಾವ. ಆದರೂ ಆ ಗೆಡ್ಡೆಯ ದಿನ ನಾನೂ ಬಾಯಿ ಮುಚ್ಚಿಕೊಂಡೇ ಕೂತಿದ್ದೆ. ತೆರೆಯಲು ಆಗುತ್ತಿರಲಿಲ್ಲ.

ಉಳವಿಗೆ ಹೋಗಿ ದರ್ಶನ ಮಾಡಿ ಬರುತ್ತಿದ್ದೆವು. ಜೋಯಿಡಾದ ಹತ್ತಿರ ರಸ್ತೆ ಬದಿಗೆ ಹೆಂಗಸರು ಕಾಡುಗೆಡ್ಡೆ ಹರವಿಕೊಂಡು ಕೂತಿದ್ದರು. ನೀಲಕ್ಕ ಜೀಪು ನಿಲ್ಲಿಸಿ, ಮಗುವಿನ ತಲೆಯಷ್ಟು ದಪ್ಪದ ಒಂದು ಗೆಡ್ಡೆ ಆರಿಸಿದಳು. ಕೊಟ್ಟವಳು, "ಹುಳಿ ಹಾಕಿ ಕುದಸ್ರಿ ಬಾಯಿ, ಇಲ್ಲಾಂದ್ರ ಗಂಟಲಾ ಕಡಿತೈತಿ" ಎಂದಳು. ಜೀಪು ಹೊರಟ ಮೇಲೆ ನೀಲಕ್ಕ ನನಗೆ ಹೇಳಿದಳು, "ನಮ್ಮ ಮನಿತನದಾಗ ಗಡ್ಡಿಗೆ ಹುಳಿ ತೋರಸಂಗಿಲ್ಲ. ಶೇಂಗಾ ಪುಡಿ ಹಾಕಿದ್ರ ಸಾಕು." ನವಲಗುಂದದ ಎರೆಹೊಲದಲ್ಲಿ ಆ ಗೆಡ್ಡೆಯ ಮುಖವನ್ನೇ ಯಾರೂ ಕಂಡವರಿಲ್ಲ. ಕಾಣದ ಗೆಡ್ಡೆಗೂ ಆ ಮನೆತನದಲ್ಲಿ ಒಂದು ಪದ್ಧತಿ ಇತ್ತು.

ಪಲ್ಯ ಆದದ್ದು ನಮ್ಮ ಮನೆಯ ಒಲೆಯ ಮೇಲೆ. ಅಂದು ನಮ್ಮವರ ಸೂಪರ್‌ವೈಜರ್ ಊಟಕ್ಕೆ ಬಂದಿದ್ದರು. ಮೊದಲ ತುತ್ತಿಗೆ ಅವರು ತಲೆದೂಗಿದರು. ಎರಡನೆಯದಕ್ಕೆ ಗಂಟಲು ಸರಿಮಾಡಿಕೊಂಡರು. ಆಮೇಲೆ ನೀರು ಕೇಳಿದರು, ಮಜ್ಜಿಗೆ ಕೇಳಿದರು, ಕೊನೆಗೆ ಏನೂ ಕೇಳಲಾರದೆ ಕೈಸನ್ನೆ ಮಾಡಿದರು. ನಮ್ಮವರ ನಾಲಿಗೆ ಬಾಯೊಳಗೆ ತಿರುಗುತ್ತಿರಲಿಲ್ಲ. ನೀಲಕ್ಕ ಎಲ್ಲರನ್ನೂ ನೋಡಿ, "ಕಫ ಇದ್ದವರಿಗೆ ಹಂಗ ಆಗ್ತೈತ್ರಿ ಸಾಹೇಬ್ರ. ಇದು ಗಂಟಲಾ ತೊಳಿಯೂ ಗಡ್ಡಿ" ಎಂದು ತಾನೂ ಒಂದು ತಾಟು ಬಡಿಸಿಕೊಂಡಳು. ತಿಂದಳು. ಮತ್ತೆ ಬಡಿಸಿಕೊಂಡಳು. ಮುಖ ಕೆಂಪಾಯಿತು, ಕಣ್ಣಿಂದ ನೀರು ಧಾರೆಧಾರೆಯಾಗಿ ಇಳಿಯಿತು.

ನಾನು ಕಷ್ಟಪಟ್ಟು, "ಯಾಕ ಅಳಾಕತ್ತೀರಿ?" ಎಂದೆ.

"ತೌರು ನೆನಪಾತವಾ."

ಪಲ್ಯ ನಮ್ಮ ಒಲೆಯ ಮೇಲೆ ಯಾಕೆ ಆಯಿತು ಎಂಬುದನ್ನು ಹೇಳಬೇಕು. ನೀಲಕ್ಕನಿಗೆ ತನ್ನದು ಅಂತ ಒಂದು ಒಲೆ ಇರಲಿಲ್ಲ. ಗಂಡ ಮಿಲ್ಲಿನ ಸರ್ವಿಸಿನಲ್ಲಿದ್ದಾಗಲೇ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಆ ಕೆಲಸವೂ ಮನೆಯೂ ಮೈದುನನ ಮಗನ ಹೆಸರಿಗೆ ಆಯಿತು. ಅವನ ಹೆಂಡತಿ ರೇಖಾ ಬಂದಳು. ರೇಖಾ ಕೆಟ್ಟವಳಲ್ಲ, ಒಂದು ದಿನವೂ ದನಿ ಏರಿಸಿದವಳಲ್ಲ. ನೀಲಕ್ಕ ಅಡುಗೆಮನೆಗೆ ಕಾಲಿಟ್ಟರೆ, "ನೀವು ಕೂಡ್ರಿ ಕಾಕು, ನಾ ಮಾಡ್ತೇನಿ" ಎನ್ನುತ್ತಿದ್ದಳು, ಅಷ್ಟೇ. ಅದಕ್ಕಿಂತ ಮರ್ಯಾದೆಯ ಮಾತು ಯಾವುದಿದೆ. ಆ ಮರ್ಯಾದೆಯಲ್ಲಿ ನೀಲಕ್ಕ ವರ್ಷಗಟ್ಟಲೆ ಕೂತಳು. ಕೂತು ಸಾಕಾದಾಗ ಎದ್ದು ನಮ್ಮ ಬೋಗುಣಿಗಳ ಮುಚ್ಚಳ ಎತ್ತಲು ಬರುತ್ತಿದ್ದಳು.

ವರ್ಷಕ್ಕೆ ಒಂದೇ ದಿನ, ಒಂದೇ ಒಲೆಯ ಮುಂದೆ, ಆಕೆಗೆ ಕೂಡ್ರಿ ಎಂದು ಹೇಳುವವರು ಯಾರೂ ಇರಲಿಲ್ಲ. ಶ್ರಾವಣದ ಕೊನೆಯ ಸೋಮವಾರ ನಮ್ಮ ಸಾಲುಮನೆಗಳ ಈಶ್ವರನ ಗುಡಿಯಲ್ಲಿ ಗೋದಿ ಹುಗ್ಗಿಯ ಪ್ರಸಾದ. ಗುಡಿಯ ಹಿಂದೆ ಮೂರು ಕಲ್ಲು ಹೂಡಿ, ಆಳು ಕೂಡುವಷ್ಟು ದೊಡ್ಡ ತಾಮ್ರದ ಕೊಪ್ಪರಿಗೆ ಏರಿಸಿ, ದೋಣಿ ನಡೆಸುವವರ ಹುಟ್ಟಿನಂಥ ಕಟ್ಟಿಗೆಯ ಹುಟ್ಟು ಹಿಡಿದು ನೀಲಕ್ಕ ನಿಲ್ಲುತ್ತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ, ಹಣೆಯ ವಿಭೂತಿ ಬೆವರಿಗೆ ಕರಗಿದ ನೀಲಕ್ಕನನ್ನು ಆ ಹೊತ್ತಿನಲ್ಲಿ ನೋಡಿದರೆ ಈಶ್ವರನೂ ಒಳಗೇ ಇರುವುದು ಒಳ್ಳೆಯದೆಂದು ಸುಮ್ಮನಿರುತ್ತಿದ್ದ.

ಆ ಹುಗ್ಗಿ ಪ್ರತಿವರ್ಷ ತಳ ಹತ್ತುತ್ತಿತ್ತು.

ಅದಕ್ಕೆ ಕಾರಣ ಬೆಂಕಿಯೂ ಅಲ್ಲ, ಕೊಪ್ಪರಿಗೆಯೂ ಅಲ್ಲ. ನೆನೆದ ಗೋದಿ ಅರಳುವವರೆಗೂ ಆಕೆ ಸರಿಯಾಗಿಯೇ ತಿರುವುತ್ತಿದ್ದಳು. ಬೆಲ್ಲ ಬಿದ್ದ ಕೂಡಲೇ ಆಕೆಗೆ ಒಂದು ಕಥೆ ನೆನಪಾಗುತ್ತಿತ್ತು. ಬೆಲ್ಲ ಬಿದ್ದ ಮೇಲೆ ಕೈ ಒಂದು ಗಳಿಗೆ ನಿಂತರೂ ಹುಗ್ಗಿ ತಳ ಹಿಡಿಯುತ್ತದೆ. ಮಾತಾಡುವಾಗ ನೀಲಕ್ಕನ ಕೈ ನಿಲ್ಲುತ್ತದೆ. ಎರಡೂ ಕೂಡಿ ಬರುವುದು ಅದೇ ಹೊತ್ತಿಗೆ.

ಕಥೆ ಒಂದೇ. ಮದುವೆಯಾದ ಹೊಸತರಲ್ಲಿ ಅತ್ತೆ ಆಕೆಯ ಕೈಗೆ ಹುಟ್ಟು ಕೊಟ್ಟು ಹುಗ್ಗಿ ಮಾಡು ಅಂದಿದ್ದಳು. ಅಂದು ಮನೆಗೆ ಬಂದ ಸ್ವಾಮಿಗಳು ಮತ್ತೆ ಮತ್ತೆ ಕೇಳಿ ಹಾಕಿಸಿಕೊಂಡರು. ನಾನು ಮೊದಲು ಕೇಳಿದಾಗ ಸ್ವಾಮಿಗಳು ಒಬ್ಬರೇ ಬಂದಿದ್ದರು. ನನ್ನ ಮಗಳು ಶಾಲೆಗೆ ಹೋಗುವ ಹೊತ್ತಿಗೆ ಇಡೀ ಮಠ ಬಂದಿತ್ತು. ಕೊನೆಕೊನೆಗೆ ಮಠದ ಆನೆಯೂ ಅಂಗಳದಲ್ಲಿ ನಿಂತು ಸೊಂಡಿಲು ಚಾಚುತ್ತಿತ್ತು. ಆನೆ ಬರುವ ಹೊತ್ತಿಗೆ ನೀಲಕ್ಕನ ಎರಡೂ ಕೈ ಹುಟ್ಟು ಬಿಟ್ಟು ಮೇಲೆ ಏರುತ್ತಿದ್ದವು. ಕೊಪ್ಪರಿಗೆಯಿಂದ ಸಣ್ಣಗೆ ಕರಕಲು ವಾಸನೆ ಏಳುತ್ತಿತ್ತು.

"ನೀಲಕ್ಕಾ, ತಳ ಹತ್ತಾಕತ್ತೈತ್ರಿ."

"ಹತ್ತಿಲ್ಲ, ಹದಕ್ಕ ಬಂದೈತಿ. ನಮ್ಮ ಮನಿತನದ ಹುಗ್ಗಿಗೆ ಈ ವಾಸನಿ ಬರಬೇಕು."

ಏಲಕ್ಕಿ, ಜಾಜಿಕಾಯಿ, ಒಣಕೊಬ್ಬರಿ, ತುಪ್ಪ, ಏನು ಸುರಿದರೂ ಆ ಹೊಗೆಯ ವಾಸನೆ ಅಡಗುತ್ತಿರಲಿಲ್ಲ. ಜನ ಉಣ್ಣುತ್ತಿದ್ದರು. ಪ್ರಸಾದಕ್ಕೆ ಹೆಸರಿಡಬಾರದು ಎಂದು ಮೊದಲು ಉಂಡರು, ಆಮೇಲೆ ರೂಢಿಯಿಂದ ಉಂಡರು, ಅದರ ಆಮೇಲೆ ಬೇಕೆಂದು ಉಂಡರು. ನಮ್ಮ ಸಾಲುಮನೆಗಳಲ್ಲಿ ಹುಟ್ಟಿದ ಮಕ್ಕಳಿಗಂತೂ ಹುಗ್ಗಿ ಅಂದರೆ ಹಾಗೆಯೇ ಇರುವ ಪದಾರ್ಥ. ಎಲ್ಲ ಮುಗಿದ ಮೇಲೆ ಕೊಪ್ಪರಿಗೆ ತಿಕ್ಕುವ ಪಾಳಿ ನನ್ನದು. ಬೂದಿ, ಹುಣಸೆಹಣ್ಣು, ತೆಂಗಿನ ನಾರು ಹಿಡಿದು, ಕೊಪ್ಪರಿಗೆಯೊಳಗೆ ಅರ್ಧ ಮೈ ಇಳಿಬಿಟ್ಟು, ನವಲಗುಂದದ ಆ ಮನೆತನವನ್ನು ಬಾಯಿತುಂಬ ಬೈಯುತ್ತಾ ತಿಕ್ಕುತ್ತಿದ್ದೆ. ದೇವರ ಪಾತ್ರೆ ತಿಕ್ಕುವಾಗ ಬೈಯಬಾರದು, ನನಗೂ ಗೊತ್ತು. ಆದರೆ ಕೊಪ್ಪರಿಗೆಯೊಳಗಿನ ಮಾತು ಹೊರಗೆ ಕೇಳುವುದಿಲ್ಲ, ಅದೂ ಒಂದು ಕೃಪೆ.

ದಾಂಡೇಲಿಗೆ ರಿಸಾರ್ಟುಗಳು ಬಂದವು. ನದಿಯಲ್ಲಿ ದೋಣಿ ಆಡಲು ಬಂದವರು ಪ್ರಸಾದಕ್ಕೂ ಬರತೊಡಗಿದರು. ಗುಡಿಯ ಕಮಿಟಿಗೆ ಮೀಸೆ ಬಂತು. ಕಮಿಟಿಯ ಹಿರಿಯರಾದ ಪಾಟೀಲ ಮಾಸ್ತರು ಒಂದು ಆಷಾಢದಲ್ಲಿ ಗುಡಿಯ ಕಟ್ಟೆಯ ಮೇಲೆ ಎಲ್ಲರನ್ನೂ ಕೂಡಿಸಿದರು.

"ನೀಲಕ್ಕಾರ, ನಿಮಗೂ ವಯಸ್ಸಾತು. ಈ ಸರ್ತಿ ಹಳಿಯಾಳದಿಂದ ಅಡಗಿಯವನ್ನ ಕರಸೂಣು. ನೀವು ಆರಾಮ ಕೂತು ಪ್ರಸಾದ ತಗೋರಿ."

ನೀಲಕ್ಕ ಸೆರಗು ಸರಿಮಾಡಿಕೊಂಡಳು. ಆಮೇಲೆ ಹೇಳಿದಳು, "ಕೂಡ್ರಾಕ ನಮ್ಮ ಮನ್ಯಾಗ ಜಾಗಾ ಐತ್ರಿ ಮಾಸ್ತರ. ಅದಕ್ಕ ಗುಡಿತನಕಾ ಯಾಕ ಬರ್ಲಿ?"

"ಹಂಗಲ್ರಿ. ತಳ ಹತ್ತಿದ ವಾಸನಿ ಬರ್ತೈತಿ ಅಂತ ಜನಾ ಅಂತಾರ."

"ಯಾರು ಅಂತಾರ?"

ಅನ್ನುವವರೆಲ್ಲ ನೆಲ ನೋಡಿದರು. ನಾನು ಕೈ ಎತ್ತಿದೆ. "ನಾ ಅಂತೇನ್ರಿ. ಪ್ರತಿವರ್ಷ ಅಂತೇನಿ. ಕೊಪ್ಪರಿಗಿ ತಿಕ್ಕಾಕಿ ನಾ."

"ನೀ ಅನ್ನವಾ. ನಿನ್ನ ಮಾತು ಯಾರು ಕಿವ್ಯಾಗ ಹಾಕ್ಕೋತಾರ."

ಎಲ್ಲರೂ ನಕ್ಕರು, ಆಕೆಯೂ ನಕ್ಕಳು. ಆದರೆ ಹುಟ್ಟು ಆಕೆಯ ಕೈಬಿಟ್ಟು ಹೋಯಿತು. ಮರುದಿನ ಆಕೆ ನಮ್ಮ ಮನೆಗೆ ಬಂದು ಹೊಸ್ತಿಲ ಹತ್ತಿರ ಕೂತಳು. ಬೋಗುಣಿಯ ಕಡೆ ತಿರುಗಿಯೂ ನೋಡಲಿಲ್ಲ. ಅದರ ಮರುದಿನವೂ ಇಲ್ಲ. ನಾನು ಸಂಜೆ ದೀಪದ ಮುಂದೆ ಅದನ್ನು ಉಪಕಾರಗಳ ಸಾಲಿಗೆ ಸೇರಿಸಿದೆ. ಆದರೆ ಒಂದು ದಿನ ಸಾರಿಗೆ ಉಪ್ಪು ಹಾಕುವುದನ್ನೇ ಮರೆತೆ. ಆಕೆಯ ಮೂಗು ಒಮ್ಮೆ ಅಲುಗಿದ್ದು ಕಂಡಿತು. ಏನಾದರೂ ಅಂದಾಳೆಂದು ಕಾದೆ. ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದು ಹೋದಳು. ಉಪ್ಪಿಲ್ಲದ ಸಾರು ಉಂಡ ನಮ್ಮವರು ಸಿಟ್ಟಾದರು.

ಹಳಿಯಾಳದ ಅಡುಗೆಯವನು ಬಂದ. ತಲೆಗೆ ಟೊಪ್ಪಿಗೆ, ಕೈಗೆ ಗವಸು, ಎರಡು ಗ್ಯಾಸ್ ಒಲೆ. ಹುಗ್ಗಿ ಬಂಗಾರದ ಬಣ್ಣಕ್ಕೆ ಬಂತು. ಒಂದು ಕಪ್ಪು ಚುಕ್ಕೆ ಇರಲಿಲ್ಲ. ಪಂಕ್ತಿ ಕೂತಿತು. ನೀಲಕ್ಕನೂ ಬಂದಳು, ನನ್ನ ಪಕ್ಕದಲ್ಲೇ ಕೂತಳು. ಗುಡಿಗೆ ಯಾಕೆ ಬರಲಿ ಅಂದವಳು ಯಾಕೆ ಬಂದಳೋ ಎಂದು ನಾನು ಕೇಳಲಿಲ್ಲ. ಪಂಕ್ತಿಯೆಲ್ಲ ಆಕೆಯ ಬಾಯನ್ನೇ ನೋಡುತ್ತಿತ್ತು. ಆಕೆ ಉಂಡಳು. ಬಡಿಸುತ್ತಾ ಬಂದ ಅಡುಗೆಯವನನ್ನು ನಿಲ್ಲಿಸಿ, "ಚೊಲೊ ಮಾಡೀಯಪಾ. ಯಾವ ಊರು?" ಎಂದಳು.

"ಹಳಿಯಾಳ್ರಿ ಅವ್ವಾರ."

"ಅದಕ್ಕ ಮತ್ತ."

ಅವನು ಹೊಗಳಿಕೆ ಎಂದುಕೊಂಡು ಕೈ ಮುಗಿದ. ಎದುರು ಸಾಲಿನಲ್ಲಿ ಯಾರೋ, "ಪಾಯಸಾ ಚೊಲೊ ಆಗೇತಿ" ಎಂದರು. ಎಲೆಯ ಮುಂದೆ ಕಾದು ಕೂತಿದ್ದ ಜುಲೇಖಾಳ ಮೊಮ್ಮಗಳು ಜೋರಾಗಿ ಕೇಳಿದಳು, "ಹುಗ್ಗಿ ಯಾವಾಗ ಬರ್ತೈತಿ?" ಪಾಟೀಲ ಮಾಸ್ತರು, "ಇದ ಹುಗ್ಗಿ ಬೇಟಾ" ಎಂದರು. ಆ ಹುಡುಗಿ ಎಲೆಯನ್ನೂ ಮಾಸ್ತರನ್ನೂ ನೋಡಿ, ದೊಡ್ಡವರು ಸುಳ್ಳು ಹೇಳುವಾಗ ಮಕ್ಕಳು ಹೇಗೆ ಸುಮ್ಮನಾಗುತ್ತಾರೋ ಹಾಗೆ ಸುಮ್ಮನಾದಳು. ಆ ವರ್ಷ ಹುಗ್ಗಿ ಉಳಿಯಿತು. ಗುಡಿಯ ಮುಂದಿನ ದನಗಳು ತಿಂದವು. ಕೊಪ್ಪರಿಗೆ ಎರಡು ತಂಬಿಗೆ ನೀರಿಗೆ ಸ್ವಚ್ಛವಾಯಿತು. ನಾನು ದೇವರಿಗೆ ಕೈ ಮುಗಿದೆ, ಯಾಕೋ ಸಮಾಧಾನವಾಗಲಿಲ್ಲ.

ಮುಂದಿನ ಆಷಾಢದಲ್ಲಿ ಕಮಿಟಿಯೇ ನೀಲಕ್ಕನ ಬಾಗಿಲಿಗೆ ಬಂತು. "ನನಗ ವಯಸ್ಸಾತಲ್ಲರಿ" ಎಂದು ಆಕೆ ಪಾಟೀಲ ಮಾಸ್ತರನ್ನು ಸಾಕಷ್ಟು ಹೊತ್ತು ಮಳೆಯಲ್ಲಿ ನಿಲ್ಲಿಸಿ ಆಮೇಲೆ ಒಪ್ಪಿದಳು. ಅವರು ಹೋದ ಮೇಲೆ ನೇರ ನಮ್ಮ ಅಡುಗೆಮನೆಗೆ ಬಂದು ಮುಚ್ಚಳ ಎತ್ತಿ, "ವರ್ಷಾತು, ಈ ಬ್ಯಾಳಿ ಇನ್ನೂ ಅಳಾಕತ್ತಾವ?" ಎಂದಳು.

ಆಕೆಯ ಕೊನೆಯ ಶ್ರಾವಣದಲ್ಲಿ ತೋಳು ಮೇಲೇಳುತ್ತಿರಲಿಲ್ಲ. ಕೊಪ್ಪರಿಗೆಯ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತು ಹುಟ್ಟನ್ನು ನನ್ನ ಕೈಗೆ ಕೊಟ್ಟಳು. ನನಗೆ ಒಳಗೊಳಗೇ ಖುಷಿ. ಇಷ್ಟು ವರ್ಷದ ಮೇಲೆ ಒಮ್ಮೆಯಾದರೂ ಹತ್ತದ ಹುಗ್ಗಿ ಮಾಡಿ ತೋರಿಸುತ್ತೇನೆ, ಬೇಗ ತಿಕ್ಕಿ ಮನೆಗೆ ಹೋಗುತ್ತೇನೆ ಎಂದುಕೊಂಡೆ. ಬೆಲ್ಲ ಬಿತ್ತು. ಕಥೆ ಶುರುವಾಯಿತು. ಸ್ವಾಮಿಗಳು ಬಂದರು, ಮಠ ಬಂತು. ನಾನು ತಿರುವುತ್ತಲೇ ಇದ್ದೆ. ಆನೆ ಅಂಗಳಕ್ಕೆ ಬಂತು. ನಾನು ತಿರುವುತ್ತಲೇ ಇದ್ದೆ.

"ಏ ಶಾರದಾ, ಕೈ ನಿಲ್ಲಸು."

"ಹತ್ತತೈತ್ರಿ ನೀಲಕ್ಕಾ."

"ಗೊತ್ತೈತಿ. ನಿಲ್ಲಸು ಅಂದ್ರ ನಿಲ್ಲಸಬೇಕು."

ನಾನು ಆಕೆಯ ಮುಖ ನೋಡಿದೆ. ಆಕೆ ಕೊಪ್ಪರಿಗೆಯ ಕಡೆ ಮುಖ ಮಾಡಿ ಕೂತಿದ್ದಳು. ಮೂಗು ಮೇಲಿತ್ತು, ಕಣ್ಣು ಮುಚ್ಚಿತ್ತು. ವಾಸನೆ ಎದ್ದ ಮೇಲೆ, "ಹಾಂ, ಈಗ ತಿರುವು" ಎಂದಳು. ಯಾವಾಗಿನಿಂದ ಗೊತ್ತಿತ್ತೋ. ಕೇಳಿದರೆ ನವಲಗುಂದದಿಂದ ಶುರುಮಾಡುತ್ತಾಳೆಂದು ಕೇಳಲಿಲ್ಲ.

ಚಳಿಗಾಲದಲ್ಲಿ ಹಾಸಿಗೆ ಹಿಡಿದಳು. ನಾನು ದಿನಾ ಒಂದಿಷ್ಟು ಬೇಳೆಸಾರು ಒಯ್ಯುತ್ತಿದ್ದೆ. ಒಂದು ಮಧ್ಯಾಹ್ನ ಆಕೆಗೆ ಕೈ ಚಾಚಲೂ ಆಗಲಿಲ್ಲ. ನಾನೇ ಮುಚ್ಚಳ ಎತ್ತಿ ಬೋಗುಣಿಯನ್ನು ಆಕೆಯ ಮೂಗಿನ ಹತ್ತಿರ ಹಿಡಿದೆ.

"ಅಳಾಕತ್ತಾವೇನ್ರಿ?"

ಬಹಳ ಹೊತ್ತು ಮೂಸಿದಳು. "ಇಲ್ಲ, ನಗಾಕತ್ತಾವು" ಎಂದಳು. ನನ್ನ ಮುಖ ಅರಳಿದ್ದು ಕಂಡಿರಬೇಕು, "ಉಪ್ಪು ಕಡಿಮಿ" ಎಂದು ಸೇರಿಸಿದಳು. ಮರುದಿನ ಬೆಳಗ್ಗೆ ರೇಖಾ ಅಳುತ್ತಾ ಬಂದು ಬಾಗಿಲು ಬಡಿದಳು.

ಈ ಶ್ರಾವಣದಲ್ಲಿ ಹುಟ್ಟು ನನ್ನ ಕೈಗೆ ಬಂತು. ಜುಲೇಖಾ ಆಚೆ ಕಟ್ಟೆಯ ಮೇಲೆ ಕೂತು ಕೊಬ್ಬರಿ ಹೆರೆಯುತ್ತಿದ್ದಳು. ಗೋದಿ ಅರಳಿತು, ಬೆಲ್ಲ ಬಿತ್ತು. ಎಲ್ಲರೂ ನನ್ನ ಕೈ ನೋಡುತ್ತಿದ್ದರು. ನಾನು ಹುಟ್ಟು ಕೊಪ್ಪರಿಗೆಯ ಅಂಚಿಗೆ ಒರಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡೆ.

"ಜುಲೇಖಾ, ನೀಲಕ್ಕನ ಮನಿಗೆ ಸ್ವಾಮಿಗಳು ಬಂದಿದ್ದು ನಿನಗ ಹೇಳೇನೇನು?"

ಜುಲೇಖಾ ಹೆರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. "ಇಲ್ಲ ದೀದಿ, ಹೇಳ್ರಿ" ಎಂದಳು. ಎಷ್ಟು ಸಲ ಕೇಳಿದ್ದಳೋ.

ಹೇಳಿದೆ. ಸ್ವಾಮಿಗಳು ಬಂದರು, ಮಠ ಬಂತು, ಆನೆ ಬಂತು. ವಾಸನೆ ಇನ್ನೂ ಏಳದ್ದರಿಂದ ಇನ್ನೊಂದು ಮರಿ ಆನೆಯನ್ನೂ ಕರೆಸಿದೆ. ಅಷ್ಟರಲ್ಲಿ ಎದ್ದಿತು. ಪಾಟೀಲ ಮಾಸ್ತರು ಗುಡಿಯ ಬಾಗಿಲಿಂದ ಮೂಗು ಹಿಡಿದುಕೊಂಡೇ ಬಂದರು.

"ಶಾರದಾಬಾಯಾರ, ತಳ ಹತ್ತಿತಲ್ಲರಿ."

"ಹತ್ತಿಲ್ರಿ ಮಾಸ್ತರ, ಹದಕ್ಕ ಬಂದೈತಿ."

ಹುಗ್ಗಿ ಒಂದು ಸೌಟೂ ಉಳಿಯಲಿಲ್ಲ. ಮಾಸ್ತರು ಕೇಳಿ ಕೇಳಿ ಹಾಕಿಸಿಕೊಂಡರು. ಎಲ್ಲರೂ ಉಂಡು ಹೋದ ಮೇಲೆ ಬೂದಿ, ಹುಣಸೆಹಣ್ಣು, ನಾರು ತೆಗೆದುಕೊಂಡು ಕೊಪ್ಪರಿಗೆಯೊಳಗೆ ಇಳಿದೆ. ಎಂದಿಗಿಂತ ಗಟ್ಟಿಯಾಗಿ ಹಿಡಿದಿತ್ತು, ಆ ಮರಿ ಆನೆಯ ಕೆಲಸ. ತಿಕ್ಕಿದೆ. ತಿಕ್ಕುತ್ತಾ ನೀಲಕ್ಕನಿಗೂ ಆಕೆಯ ನವಲಗುಂದಕ್ಕೂ ಬಾಯಿತುಂಬ ಬೈದೆ. ತಳ ಹತ್ತಿಸಿದವಳು ನಾನೇ ಎಂಬುದು ಬೈಯುವಾಗ ನೆನಪಿಗೇ ಬರಲಿಲ್ಲ.